ಅನ್ನಾ ಮೇ ವಾಂಗ್: ಬಾಲ್ಯ ಮತ್ತು ನಟನಾ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅನ್ನಾ ಮೇ ವಾಂಗ್ ಎಂದ ಕೂಡಲೇ ಹಲವರಿಗೆ ನೆನಪಾಗುವುದು ‘ದಿ ಗುಡ್ ಅರ್ತ್’ ಎಂಬ ಹಾಲಿವುಡ್ ಚಿತ್ರದಲ್ಲಿ ಚೀನೀ ನಾಯಕಿಯ ಪಾತ್ರ ಅವರಿಗೆ ಸಿಗದೆ ಬಿಳಿ ನಟಿಗೆ ಹೋದ ಅನ್ಯಾಯ. ಅನ್ಯಾಯ ಆದದ್ದು ನಿಜ. ಆದರೆ ಅದಾಗುವ ಹೊತ್ತಿಗೆ ಅವರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕ್ಯಾಮೆರಾ ಮುಂದೆ ದುಡಿದಿದ್ದರು. ಅಮೆರಿಕ, ಜರ್ಮನಿ, ಇಂಗ್ಲೆಂಡ್ ಮೂರೂ ಕಡೆ ನಾಯಕಿಯಾಗಿ ನಟಿಸಿದ್ದರು. ಸಿಗದೇ ಹೋದ ಪಾತ್ರದ ಬಗ್ಗೆ ನಡೆದಷ್ಟು ಚರ್ಚೆ ಅವರು ಮಾಡಿದ ಪಾತ್ರಗಳ ಬಗ್ಗೆ ನಡೆಯುವುದಿಲ್ಲ. ಹಾಗಾಗಿ ಇಲ್ಲಿ ಬಾಲ್ಯಕ್ಕೆ ಮತ್ತು ಮೊದಲ ಹತ್ತು-ಹನ್ನೆರಡು ವರ್ಷಗಳ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅನ್ನಾ ಮೇ ವಾಂಗ್ ಯಾರು?

ಹಾಲಿವುಡ್‌ನ ಮೊದಲ ಚೀನೀ-ಅಮೆರಿಕನ್ ತಾರೆ. ಹುಟ್ಟಿದ್ದು 1905ರ ಜನವರಿ 3ರಂದು ಲಾಸ್ ಏಂಜಲೀಸ್‌ನಲ್ಲಿ, ತೀರಿಕೊಂಡದ್ದು 1961ರ ಫೆಬ್ರವರಿ 3ರಂದು ಪಕ್ಕದ ಸಾಂಟಾ ಮೋನಿಕಾದಲ್ಲಿ. ಮೂಕಿ ಚಿತ್ರ, ಟಾಕಿ, ರಂಗಭೂಮಿ, ರೇಡಿಯೊ, ಟಿವಿ ಎಲ್ಲದರಲ್ಲೂ ಕೆಲಸ ಮಾಡಿದವರು. ಮನೆಯಲ್ಲಿ ಇಟ್ಟ ಹೆಸರು ವಾಂಗ್ ಲಿಯು ತ್ಸಾಂಗ್. ಸಿನಿಮಾಕ್ಕೆಂದು ‘ಅನ್ನಾ ಮೇ ವಾಂಗ್’ ಎಂಬ ಹೆಸರನ್ನು ಹನ್ನೊಂದರ ವಯಸ್ಸಿನ ಹೊತ್ತಿಗೇ ತಾವೇ ಆರಿಸಿಕೊಂಡಿದ್ದರು. ಆಗಿನ್ನೂ ಒಂದು ಚಿತ್ರದಲ್ಲೂ ಮುಖ ತೋರಿಸಿರಲಿಲ್ಲ.

ಅವರು ಚೀನಾದಿಂದ ವಲಸೆ ಬಂದವರೇ?

ಅಲ್ಲ. ಅವರು ಚೀನಾದ ನೆಲ ಮೊದಲ ಬಾರಿ ಮೆಟ್ಟಿದ್ದು 1936ರಲ್ಲಿ, ಮೂವತ್ತೊಂದನೇ ವಯಸ್ಸಿನಲ್ಲಿ. ಅಪ್ಪ ವಾಂಗ್ ಸ್ಯಾಮ್ ಸಿಂಗ್ ಕೂಡ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವರು. ಅಜ್ಜನ ಕಾಲದಲ್ಲಿ ಚಿನ್ನದ ಗಣಿಗಳ ಸೀಮೆಗೆ ಬಂದು ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಅದು. ಮೂಲ ಊರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಕಡೆಯದು.

ಆದರೂ ಪತ್ರಿಕೆಗಳು ಅವರನ್ನು ಕೊನೆಯವರೆಗೂ ಪರದೇಶದಿಂದ ಬಂದ ಸುಂದರಿ ಎಂಬಂತೆಯೇ ಬಿಂಬಿಸಿದವು. ಕಾನೂನು ಕೂಡ ಹಾಗೇ ನೋಡುತ್ತಿತ್ತು. 1882ರಲ್ಲಿ ಬಂದ ಚೀನೀ ವಲಸೆ ನಿಷೇಧ ಕಾಯಿದೆ ರದ್ದಾದದ್ದು 1943ರಲ್ಲಿ. ಅಮೆರಿಕದಲ್ಲಿ ಹುಟ್ಟಿದ ಚೀನೀ ಮೂಲದವರು ಅಮೆರಿಕದ ಪ್ರಜೆಗಳೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1898ರಲ್ಲೇ ತೀರ್ಪು ಕೊಟ್ಟಿತ್ತು. ಹಾಗಿದ್ದೂ ಅಂಥವರು ದೇಶ ಬಿಟ್ಟು ಹೊರಡುವ ಮುನ್ನ ವಲಸೆ ಇಲಾಖೆಗೆ ಅರ್ಜಿ ಹಾಕಿ, ವಿಚಾರಣೆಗೆ ಕೂತು, ವಾಪಸು ಬರುವ ಹಕ್ಕನ್ನು ಮೊದಲೇ ಖಾತ್ರಿ ಮಾಡಿಕೊಳ್ಳಬೇಕಿತ್ತು. ಯುರೋಪಿನಲ್ಲಿ ಹೆಸರು ಮಾಡಿದ ತಾರೆಗೂ ಈ ಅರ್ಜಿಯಿಂದ ಬಿಡುಗಡೆ ಇರಲಿಲ್ಲ.

ಮನೆಯ ಸ್ಥಿತಿ ಹೇಗಿತ್ತು?

ಅಪ್ಪ ಲಾಂಡ್ರಿ ನಡೆಸುತ್ತಿದ್ದರು. ತಾಯಿ ಲೀ ಗಾನ್ ಟಾಯ್. ಅಕ್ಕ ಲೂಲು ಆದ ಮೇಲೆ ಹುಟ್ಟಿದ ಎರಡನೆಯ ಮಗಳು ಅನ್ನಾ. ಆಮೇಲೆ ಇನ್ನೂ ಹಲವು ತಮ್ಮಂದಿರು ತಂಗಿಯರು. ಹುಟ್ಟಿದ ಮನೆ ಫ್ಲವರ್ ಸ್ಟ್ರೀಟ್‌ನಲ್ಲಿ, ಚೀನೀಯರ ಕೇರಿಯಾದ ಚೈನಾಟೌನ್‌ನಿಂದ ಸ್ವಲ್ಪವೇ ದೂರ. 1910ರ ಸುಮಾರಿಗೆ ಫಿಗೆರೋವಾ ಸ್ಟ್ರೀಟ್‌ಗೆ ಬಂದರು. ಅಲ್ಲಿ ಅಕ್ಕಪಕ್ಕ ಇದ್ದವರಲ್ಲಿ ಹೆಚ್ಚಿನವರು ಮೆಕ್ಸಿಕನ್ನರು, ಪೂರ್ವ ಯುರೋಪಿನವರು. ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಗಂಟು ಹೊತ್ತು ಗಿರಾಕಿಗಳ ಮನೆಗೆ ಕೊಟ್ಟು ಬರುವುದು ಮಕ್ಕಳ ಪಾಲಿನ ಕೆಲಸ. ಗಿರಾಕಿಗಳು ಕೈಗಿಟ್ಟ ಚಿಲ್ಲರೆ ಎಲ್ಲಿಗೆ ಹೋಗುತ್ತಿತ್ತು ಎಂಬುದು ಮುಂದಿನ ಒಂದು ಉತ್ತರದಲ್ಲಿದೆ.

ಶಾಲೆಯಲ್ಲಿ ಏನಾಯಿತು?

ಅಕ್ಕ ತಂಗಿ ಇಬ್ಬರೂ ಮೊದಲು ಸೇರಿದ್ದು ಹತ್ತಿರದ ಸರ್ಕಾರಿ ಶಾಲೆಗೆ. ಅಲ್ಲಿ ಜೊತೆಯ ಮಕ್ಕಳು ಅವರನ್ನು ಜನಾಂಗದ ಹೆಸರು ಹಿಡಿದು ಹಂಗಿಸುತ್ತಿದ್ದರು, ಹಿಂಸೆ ಕೊಡುತ್ತಿದ್ದರು. ತಡೆಯಲಾರದೆ ಹೆತ್ತವರು ಅವರನ್ನು ಬಿಡಿಸಿ, ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಗಡದ ಮಿಷನ್‌ನವರು ಚೀನೀ ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಗೆ ಹಾಕಿದರು. ಅಲ್ಲಿ ಪಾಠ ಇಂಗ್ಲಿಷಿನಲ್ಲೇ. ಸಂಜೆ ಬೇರೆ ಚೀನೀ ಭಾಷೆಯ ಶಾಲೆ. ದಿನವಿಡೀ ಪಾಠ, ಅದು ಮುಗಿದರೆ ಲಾಂಡ್ರಿ ಕೆಲಸ: ಆ ಹುಡುಗಿಯ ದಿನಚರಿ ಇಷ್ಟೇ. ಸಿನಿಮಾ ಅದರೊಳಗೆ ಕದ್ದುಮುಚ್ಚಿ ನುಸುಳಿಕೊಂಡಿತು.

ಸಿನಿಮಾ ಹುಚ್ಚು ಹತ್ತಿದ್ದು ಯಾವಾಗ?

ಅವರು ಹುಟ್ಟಿದ ಹೊತ್ತೂ ಊರೂ ಇಲ್ಲಿ ಮುಖ್ಯ. 1910ರ ದಶಕದಲ್ಲಿ ಅಮೆರಿಕದ ಚಿತ್ರೋದ್ಯಮ ನ್ಯೂಯಾರ್ಕ್ ಕಡೆಯಿಂದ ಲಾಸ್ ಏಂಜಲೀಸ್‌ಗೆ ಗುಳೆ ಎದ್ದು ಬರುತ್ತಿತ್ತು. ‘ಪೂರ್ವ ದೇಶ’ದ ದೃಶ್ಯ ಬೇಕಾದಾಗಲೆಲ್ಲ ಚಿತ್ರತಂಡಗಳು ಕ್ಯಾಮೆರಾ ಹೊತ್ತು ಚೈನಾಟೌನ್‌ನ ಬೀದಿಗಳಿಗೆ ಬರುತ್ತಿದ್ದವು. ಇವರ ಮನೆಯ ಆಸುಪಾಸಿನಲ್ಲೇ ಶೂಟಿಂಗ್. ಶಾಲೆ ತಪ್ಪಿಸಿ ಅಲ್ಲಿ ಹೋಗಿ ನಿಂತು, ಎಡೆಬಿಡದೆ ಪ್ರಶ್ನೆ ಕೇಳುತ್ತಿದ್ದ ಈ ಹುಡುಗಿಗೆ ಚಿತ್ರತಂಡದವರು ‘ಕುತೂಹಲದ ಚೀನೀ ಮರಿ’ ಎನ್ನುವ ಅರ್ಥದ ಅಡ್ಡಹೆಸರನ್ನೇ ಇಟ್ಟರು. ಒಂಬತ್ತು ವರ್ಷಕ್ಕೇ ಪಾತ್ರ ಕೊಡಿ ಎಂದು ಅವರ ಬೆನ್ನು ಬಿದ್ದಿದ್ದಳು.

ಜೊತೆಗೆ ಐದು ಸೆಂಟ್‌ಗೆ ಸಿನಿಮಾ ತೋರಿಸುವ ಪುಟ್ಟ ಚಿತ್ರಮಂದಿರಗಳು ಊರ ತುಂಬ ಇದ್ದವು. ಬಟ್ಟೆ ತಲುಪಿಸಿದ್ದಕ್ಕೆ ಸಿಕ್ಕ ಚಿಲ್ಲರೆ, ಮಧ್ಯಾಹ್ನದ ಊಟಕ್ಕೆಂದು ಮನೆಯಲ್ಲಿ ಕೊಟ್ಟ ಕಾಸು ಎರಡೂ ಹೋಗುತ್ತಿದ್ದದ್ದು ಅಲ್ಲಿಗೆ.

ನಟನೆಯನ್ನು ಎಲ್ಲಿ ಕಲಿತರು?

ಯಾವ ಶಾಲೆಯಲ್ಲೂ ಅಲ್ಲ. ಥಿಯೇಟರಿನಲ್ಲಿ ನೋಡಿದ ದೃಶ್ಯಗಳನ್ನು ಮನೆಗೆ ಬಂದು ಕನ್ನಡಿಯ ಮುಂದೆ ತಾವೇ ಮಾಡಿ ನೋಡುತ್ತಿದ್ದರು. ಮೂಕಿ ಚಿತ್ರದ ನಟಿಗೆ ಮುಖವೇ ಸಂಭಾಷಣೆ. ಹಾಗಾಗಿ ಕನ್ನಡಿಯಂಥ ಗುರು ಆ ಕಾಲಕ್ಕೆ ಕಡಿಮೆಯದೇನೂ ಅಲ್ಲ ಎಂದು ನನಗನ್ನಿಸುತ್ತದೆ. ಬೇಕೆಂದಾಗ ಕಣ್ಣಲ್ಲಿ ನೀರು ತರಿಸಿಕೊಳ್ಳುವುದು ಅವರಿಗೆ ಕರಗತವಾಗಿತ್ತು. ಮೊದಲ ನಾಯಕಿ ಪಾತ್ರದಲ್ಲೇ ಅದು ಎದ್ದು ಕಾಣುತ್ತದೆ.

ಮೊದಲ ಚಿತ್ರ ಯಾವುದು?

1919ರ ‘ದಿ ರೆಡ್ ಲ್ಯಾಂಟರ್ನ್’. ನಾಯಕಿ ಆ ಕಾಲದ ದೊಡ್ಡ ತಾರೆ ಅಲ್ಲಾ ನಜಿಮೋವಾ. ಚಿತ್ರಕ್ಕೆ ಮುನ್ನೂರು ಮಂದಿ ಚೀನೀ ಹೆಂಗಸರು ಬೇಕೆಂದು ಸ್ಟುಡಿಯೊ ಹುಡುಕುತ್ತಿತ್ತು. ಅಪ್ಪನ ಪರಿಚಯದವರೊಬ್ಬರಿಗೆ ಸಿನಿಮಾ ಮಂದಿಯ ಸಂಪರ್ಕವಿತ್ತು. ಅವರ ಮೂಲಕ, ಅಪ್ಪನಿಗೆ ತಿಳಿಯದ ಹಾಗೆ, ಹದಿನಾಲ್ಕು ವರ್ಷದ ಅನ್ನಾ ಗುಂಪಿನಲ್ಲಿ ಲಾಟೀನು ಹಿಡಿದು ನಡೆಯುವ ಕೆಲಸ ಗಿಟ್ಟಿಸಿಕೊಂಡಳು. ಹೆಸರು ತೆರೆಯ ಮೇಲೆ ಬರಲಿಲ್ಲ. ಮುಂದಿನ ಎರಡು ವರ್ಷ ಹೀಗೇ ಗುಂಪಿನಲ್ಲಿ ಗೋವಿಂದ ಎಂಬಂಥ ಸಣ್ಣಪುಟ್ಟ ಪಾತ್ರಗಳು.

ನಡುವೆ ನರಗಳಿಗೆ ಸಂಬಂಧಿಸಿದ ಕಾಯಿಲೆಯೊಂದು ಬಂದು ತಿಂಗಳುಗಟ್ಟಲೆ ಶಾಲೆ ತಪ್ಪಿತು. 1921ರಲ್ಲಿ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಪೂರ್ತಿ ನಟನೆಗೆ ಇಳಿದರು. ಅದೇ ವರ್ಷ ನಾಲ್ಕು ಬಿಡಿ ಕಥೆಗಳ ಚಿತ್ರ ‘ಬಿಟ್ಸ್ ಆಫ್ ಲೈಫ್’ನಲ್ಲಿ ಆಗಿನ ಹೆಸರಾಂತ ನಟ ಲಾನ್ ಚೇನಿಯ ಹೆಂಡತಿಯ ಪಾತ್ರ. ಮೊದಲ ಬಾರಿಗೆ ತೆರೆಯ ಮೇಲೆ ಅವರ ಹೆಸರು ಬಂದದ್ದು ಅದರಲ್ಲಿ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ.

ಮನೆಯವರು ಒಪ್ಪಿದರೇ?

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಶಾಲೆಗೆ ಚಕ್ಕರ್ ಹೊಡೆದದ್ದಕ್ಕೆ ಹೊಡೆತಗಳೂ ಬಿದ್ದವು. ಮನೆತನದ ಹೆಣ್ಣುಮಗಳು ತೆರೆಯ ಮೇಲೆ ಕಾಣಿಸಿಕೊಳ್ಳುವುದು ಮರ್ಯಾದೆಯಲ್ಲ ಎನ್ನುವ ಮಾತು ನಮ್ಮ ನಾಡಿನ ಮೊದಲ ತಲೆಮಾರಿನ ನಟಿಯರ ಮನೆಗಳಲ್ಲೂ ಕೇಳಿದ್ದೇ ಅಲ್ಲವೇ. ಆದರೆ ಮಗಳ ಸಂಪಾದನೆ ಮನೆಗೆ ಆಸರೆಯಾಯಿತು, ಹೆಸರು ಬಂದ ಮೇಲೂ ಬಹಳ ಕಾಲ ಅವರು ಹೆತ್ತವರ ಜೊತೆಗೇ ಇದ್ದರು. ಅಪ್ಪನ ಪಟ್ಟು ನಿಧಾನಕ್ಕೆ ಸಡಿಲವಾಯಿತು.

ಮೊದಲ ನಾಯಕಿ ಪಾತ್ರ ಸಿಕ್ಕಿದ್ದು ಹೇಗೆ? ‘ದಿ ಟೋಲ್ ಆಫ್ ದ ಸೀ’ಗೆ ಅಷ್ಟೊಂದು ಮಹತ್ವ ಯಾಕೆ?

1922ರಲ್ಲಿ ಟೆಕ್ನಿಕಲರ್ ಕಂಪನಿಗೆ ತನ್ನ ಹೊಸ ಎರಡು ಬಣ್ಣದ ವಿಧಾನ ಕೆಲಸ ಮಾಡುತ್ತದೆ ಎಂದು ತೋರಿಸಬೇಕಿತ್ತು. ಅದಕ್ಕಾಗಿ ತಾನೇ ದುಡ್ಡು ಹಾಕಿ ಮಾಡಿದ ಚಿತ್ರ ಇದು. ನಿರ್ದೇಶನ ಚೆಸ್ಟರ್ ಎಂ. ಫ್ರಾಂಕ್ಲಿನ್, ಚಿತ್ರಕಥೆ ಫ್ರಾನ್ಸಿಸ್ ಮೇರಿಯನ್. ಕಂಪನಿಯ ಗಮನವೆಲ್ಲ ಬಣ್ಣದ ಮೇಲಿತ್ತು. ದೊಡ್ಡ ತಾರೆಯ ಅಗತ್ಯ ಅವರಿಗಿರಲಿಲ್ಲ. ಹದಿನೇಳು ವರ್ಷದ, ಹೆಚ್ಚು ಹೆಸರಿಲ್ಲದ ಚೀನೀ-ಅಮೆರಿಕನ್ ಹುಡುಗಿಗೆ ನಾಯಕಿ ಪಾತ್ರ ದಕ್ಕಿದ್ದಕ್ಕೆ ಇದೂ ಒಂದು ಕಾರಣ ಇರಬೇಕು ಎಂಬುದು ನನ್ನ ಊಹೆ.

ಕಥೆ ‘ಮೇಡಮ್ ಬಟರ್‌ಫ್ಲೈ’ ಎಂಬ ಪ್ರಸಿದ್ಧ ಒಪೆರಾದ್ದೇ (ಹಾಡುಗಳಲ್ಲೇ ನಡೆಯುವ ನಾಟಕ), ಜಪಾನಿನ ಬದಲು ಚೀನಾ. ಅಲೆಗಳು ದಡಕ್ಕೆ ತಂದು ಹಾಕಿದ ಅಮೆರಿಕನ್ ಯುವಕನನ್ನು ಲೋಟಸ್ ಫ್ಲವರ್ ಎಂಬ ಹುಡುಗಿ ಉಳಿಸುತ್ತಾಳೆ, ಪ್ರೀತಿಸುತ್ತಾಳೆ. ಅವನು ಅವಳನ್ನು ಬಿಟ್ಟು ಊರಿಗೆ ಹೊರಡುತ್ತಾನೆ. ಮಗ ಹುಟ್ಟುತ್ತಾನೆ. ವರ್ಷಗಳ ನಂತರ ಅವನು ಮರಳುತ್ತಾನೆ, ಜೊತೆಗೆ ಬಿಳಿ ಹೆಂಡತಿ. ಕೊನೆಗೆ ಲೋಟಸ್ ಮಗನನ್ನು ಆ ಹೆಂಗಸಿನ ಕೈಗೊಪ್ಪಿಸಿ ಸಮುದ್ರಕ್ಕೆ ನಡೆದುಬಿಡುತ್ತಾಳೆ.

ಕಥೆಯಲ್ಲಿ ಹೊಸತೇನಿಲ್ಲ, ಇಂದಿನ ಕಣ್ಣಿಗೆ ಅದರ ಧೋರಣೆ ನೋವನ್ನೇ ಕೊಡುತ್ತದೆ. ಆದರೆ ಮಗನನ್ನು ಒಪ್ಪಿಸುವ ದೃಶ್ಯವನ್ನು ದಯವಿಟ್ಟು ನೋಡಿ. ಆ ಕಾಲದ ನಟಿಯರು ಇಂಥ ಕಡೆ ಕೈ ಮೇಲೆತ್ತಿ, ಎದೆ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ಅಳುವುದು ಸಾಮಾನ್ಯ. ಇವರು ಅದ್ಯಾವುದನ್ನೂ ನೆಚ್ಚುವುದಿಲ್ಲ. ಮಗುವಿಗಾಗಿ ಮುಖದಲ್ಲಿ ನಗು ನಿಲ್ಲಿಸಿಕೊಳ್ಳಲು ನೋಡುತ್ತಾರೆ, ಕಣ್ಣು ಮಾತ್ರ ಮಾತು ಕೇಳುವುದಿಲ್ಲ. ಹದಿನೇಳರ ಹುಡುಗಿಗೆ ಈ ಸಂಯಮ ಎಲ್ಲಿಂದ ಬಂತೋ ಎಂದು ನಾನು ಪ್ರತಿ ಸಲವೂ ಬೆರಗಾಗುತ್ತೇನೆ.

ಬಣ್ಣದ ವಿಚಾರವೂ ಸ್ವಾರಸ್ಯದ್ದು. ಕ್ಯಾಮೆರಾ ಒಳಗೆ ಬಂದ ಬೆಳಕನ್ನು ಸೀಳಿ ಒಂದು ಪಾಲು ಕೆಂಪು, ಇನ್ನೊಂದು ಪಾಲು ಹಸಿರು ಎಂದು ಬೇರೆ ಬೇರೆ ಹಿಡಿದು, ಆಮೇಲೆ ಎರಡು ತೆಳು ಫಿಲ್ಮ್‌ಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಒಂದು ಪ್ರತಿ ಮಾಡುತ್ತಿದ್ದರು. ಅಚ್ಚ ನೀಲಿ ಇದರಲ್ಲಿ ಬರುತ್ತಿರಲಿಲ್ಲ. ಹಾಗಾಗಿ ಲೋಟಸ್‌ಳ ಉಡುಗೆಯಲ್ಲಿ, ತೋಟದಲ್ಲಿ ಕೆಂಪು ಹಸಿರುಗಳದೇ ದರ್ಬಾರು. ಮುಂದೆ ಚಿತ್ರದ ಕೊನೆಯ ಭಾಗ ಕಳೆದುಹೋಯಿತು. 1985ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಚಿತ್ರ ಭಂಡಾರದವರು ಅದನ್ನು ದುರಸ್ತಿ ಮಾಡಿದಾಗ, ಹಳೆಯ ಎರಡು ಬಣ್ಣದ ಕ್ಯಾಮೆರಾವನ್ನೇ ಹುಡುಕಿ ತಂದು ಪೆಸಿಫಿಕ್ ತೀರದ ಸೂರ್ಯಾಸ್ತವನ್ನು ಹೊಸದಾಗಿ ಚಿತ್ರಿಸಿ ಕೊನೆಗೆ ಸೇರಿಸಿದರು. ಈಗ ನಾವು ನೋಡುವ ಸಮುದ್ರ ಅದೇ.

‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಅವರದು ಯಾವ ಪಾತ್ರ? ನಮ್ಮ ಮೈಸೂರಿನ ಸಾಬು ಜೊತೆ ನಟಿಸಿದ್ದರೇ?

ಇಲ್ಲ, ಅವು ಬೇರೆ ಬೇರೆ ಚಿತ್ರಗಳು. ಮೈಸೂರು ಸೀಮೆಯ ಮಾವುತನ ಮಗ ಸಾಬು ದಸ್ತಗೀರ್ ನಟಿಸಿದ್ದು 1940ರ ಚಿತ್ರದಲ್ಲಿ. ಅನ್ನಾ ಮೇ ವಾಂಗ್ ಇದ್ದದ್ದು 1924ರ ಮೂಕಿಯಲ್ಲಿ, ರಾವುಲ್ ವಾಲ್ಶ್ ನಿರ್ದೇಶನ, ಡಗ್ಲಸ್ ಫೇರ್‌ಬ್ಯಾಂಕ್ಸ್ ನಾಯಕ. ಹೆಸರು ಒಂದೇ ಆದ್ದರಿಂದ ಈ ಗೊಂದಲ.

ಅವರದು ರಾಜಕುಮಾರಿಯ ಅಂತಃಪುರದಲ್ಲಿದ್ದು ಶತ್ರುವಿಗೆ ಗುಟ್ಟು ಮುಟ್ಟಿಸುವ ಮಂಗೋಲ್ ದಾಸಿಯ ಪಾತ್ರ. ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಕಳ್ಳ ಬೆನ್ನಿಗೆ ಕತ್ತಿ ಒತ್ತಿದಾಗ ಅವರು ಮೈಯನ್ನು ಬಿಲ್ಲಿನ ಹಾಗೆ ಬಾಗಿಸಿ ನಿಲ್ಲುವ ಭಂಗಿ ಮಾತ್ರ ನೋಡಿದವರಿಗೆ ಮರೆಯುವುದಿಲ್ಲ. ಲಕ್ಷಾಂತರ ಡಾಲರ್ ಸುರಿದು ಮಾಡಿದ ಚಿತ್ರ, ಭರ್ಜರಿಯಾಗಿ ಓಡಿತು. ವಾಂಗ್ ಹೆಸರು ದೇಶದಾಚೆಗೂ ಹೋಯಿತು. ಅದೇ ವರ್ಷ ‘ಪೀಟರ್ ಪ್ಯಾನ್’ ಚಿತ್ರದಲ್ಲಿ ಟೈಗರ್ ಲಿಲಿ ಎಂಬ ಬುಡಕಟ್ಟಿನ ಹುಡುಗಿ ಆದರು.

ಇಷ್ಟು ಹೆಸರು ಬಂದ ಮೇಲೂ ನಾಯಕಿ ಪಾತ್ರಗಳು ಯಾಕೆ ಸಿಗಲಿಲ್ಲ?

ಮುಖ್ಯ ಅಡ್ಡಿ ಪ್ರೇಮದ ದೃಶ್ಯ. ನಾಯಕಿ ಎಂದರೆ ನಾಯಕನನ್ನು ಪ್ರೀತಿಸಬೇಕು, ಕೊನೆಗೆ ಅವನ ಕೈ ಹಿಡಿಯಬೇಕು. ನಾಯಕ ಬಿಳಿಯ. ಬಿಳಿಯರು ಏಷ್ಯಾದವರನ್ನು ಮದುವೆಯಾಗುವುದು ಕ್ಯಾಲಿಫೋರ್ನಿಯಾ ಸೇರಿ ಅನೇಕ ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ಬದುಕಿನಲ್ಲಿ ಕೂಡದ್ದು ತೆರೆಯ ಮೇಲೂ ಕೂಡದು ಎಂದು ಸ್ಟುಡಿಯೊಗಳು ನಡೆದುಕೊಂಡವು. ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂದು ಹೇಳುವ, 1930ರಲ್ಲಿ ಬಂದು 1934ರಿಂದ ಕಟ್ಟುನಿಟ್ಟಾದ ಚಿತ್ರೋದ್ಯಮದ ಸಂಹಿತೆ ಈ ರೂಢಿಯನ್ನು ಇನ್ನಷ್ಟು ಬಿಗಿ ಮಾಡಿತು.

ಹಾಗಾದರೆ ಚೀನೀ ನಾಯಕಿಯ ಕಥೆಗಳೇ ಬರಲಿಲ್ಲವೇ ಎಂದರೆ, ಬಂದವು. ಆದರೆ ಆ ಪಾತ್ರ ಬಿಳಿ ನಟಿಯ ಪಾಲು. ಕಣ್ಣಿನ ಅಂಚನ್ನು ಅಂಟಿಸಿ ಎಳೆದು, ಮುಖಕ್ಕೆ ಹಳದಿ ಛಾಯೆಯ ಬಣ್ಣ ಬಳಿದು ಅವರನ್ನು ‘ಚೀನೀ’ ಮಾಡುತ್ತಿದ್ದರು. 1927ರ ‘ಮಿಸ್ಟರ್ ವೂ’ನಲ್ಲಿ ಚೀನೀ ನಾಯಕಿಯಾದದ್ದು ರೆನೀ ಅಡೋರೆ, ವಾಂಗ್‌ಗೆ ಅದೇ ಚಿತ್ರದಲ್ಲಿ ಪಕ್ಕದ ಪಾತ್ರ. 1928ರ ‘ದಿ ಕ್ರಿಮ್ಸನ್ ಸಿಟಿ’ಯಲ್ಲಿ ಮರ್ನಾ ಲಾಯ್ ಚೀನೀ ಹುಡುಗಿ, ವಾಂಗ್ ಅವರ ಪಕ್ಕದಲ್ಲಿ. ಮೇಕಪ್ ಬೇಕಿಲ್ಲದ ನಟಿ ಅದೇ ಸೆಟ್‌ನಲ್ಲಿ ನಿಂತು, ಇನ್ನೊಬ್ಬರಿಗೆ ತನ್ನ ಮುಖವನ್ನು ಬರೆಯುವುದನ್ನು ನೋಡಬೇಕಿತ್ತು. ಇದಕ್ಕಿಂತ ದೊಡ್ಡ ಅವಮಾನ ಒಬ್ಬ ಕಲಾವಿದೆಗೆ ಇನ್ನೇನಿದೆ?

ಅವರಿಗೆ ಉಳಿದದ್ದು ಎರಡೇ ಬಗೆ: ಪ್ರೀತಿಸಿ ಸಾಯುವ ಮುಗ್ಧೆ, ಇಲ್ಲವೇ ಸಂಚು ಮಾಡಿ ಸಾಯುವ ಮಾಯಗಾತಿ. ಎರಡರಲ್ಲೂ ಕೊನೆ ಸಾವೇ.

ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಲು ಹೋಗಿದ್ದರಂತೆ, ನಿಜವೇ?

ನಿಜ. 1924ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಚೀನೀ ಪುರಾಣ ಕಥೆಗಳನ್ನು ಸಿನಿಮಾ ಮಾಡಬೇಕೆಂದು ‘ಅನ್ನಾ ಮೇ ವಾಂಗ್ ಪ್ರೊಡಕ್ಷನ್ಸ್’ಗೆ ಕರಾರು ಮಾಡಿಕೊಂಡರು. ಪಾಲುದಾರ ಪ್ರಾಮಾಣಿಕನಲ್ಲ ಎಂದು ಗೊತ್ತಾಗಿ ವ್ಯವಹಾರ ಕೋರ್ಟಿಗೆ ಹೋಯಿತು, ಸಂಸ್ಥೆ ಮುಚ್ಚಿತು. ಬೇರೆಯವರು ಕೊಡುವ ಪಾತ್ರಕ್ಕೆ ಕಾದು ಕೂರುವವರಲ್ಲ ಅವರು ಎಂಬುದಕ್ಕೆ ಇದೇ ಸಾಕ್ಷಿ.

1928ರಲ್ಲಿ ಯುರೋಪಿಗೆ ಹೋದದ್ದು ಯಾಕೆ?

ಒಂದೇ ಅಚ್ಚಿನ ಪಾತ್ರಗಳು ಸಾಕಾಗಿದ್ದವು. ಜರ್ಮನಿಯ ನಿರ್ದೇಶಕ ರಿಚರ್ಡ್ ಐಶ್‌ಬರ್ಗ್ ನಾಯಕಿ ಪಾತ್ರವನ್ನೇ ಕೊಟ್ಟರು. ಬರ್ಲಿನ್‌ನಲ್ಲಿ ‘ಸಾಂಗ್’, ‘ಪೇವ್‌ಮೆಂಟ್ ಬಟರ್‌ಫ್ಲೈ’ ಬಂದವು, ಅಲ್ಲಿನ ವಿಮರ್ಶಕರು ಹೊಗಳಿದರು. ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ ಅವರನ್ನು ಭೇಟಿಯಾಗಿ ಲೇಖನವನ್ನೇ ಬರೆದರು. ಹೈಸ್ಕೂಲು ಮುಗಿಸದ ಹುಡುಗಿ ಅಲ್ಲಿ ಜರ್ಮನ್, ಫ್ರೆಂಚ್ ಕಲಿತರು. ಕಲಿತದ್ದು ಎಷ್ಟು ಚೆನ್ನಾಗಿತ್ತು ಎಂದರೆ, 1930ರಲ್ಲಿ ಒಂದೇ ಕಥೆಯನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರೂ ಭಾಷೆಯಲ್ಲಿ ಟಾಕಿಯಾಗಿ ತೆಗೆದಾಗ ಮೂರರಲ್ಲೂ ನಾಯಕಿಯಾಗಿ ತಾವೇ ನಟಿಸಿದರು. ಡಬ್ಬಿಂಗ್ ಇನ್ನೂ ರೂಢಿಗೆ ಬರದ ಕಾಲ ಅದು. ಹಾಗೆಂದು ಅಲ್ಲಿ ಎಲ್ಲವೂ ಮುಕ್ತವಾಗಿತ್ತು ಎಂದುಕೊಳ್ಳಬೇಡಿ: ಅದೇ ಚಿತ್ರದ ಇಂಗ್ಲಿಷ್ ಆವೃತ್ತಿಯಲ್ಲಿ ಅವರು ಬಿಳಿ ನಾಯಕನಿಗೆ ಮುತ್ತು ಕೊಡುವ ದೃಶ್ಯವನ್ನು ಕತ್ತರಿಸಿ ತೆಗೆಯಲಾಯಿತು.

‘ಪಿಕಡಿಲಿ’ಯನ್ನು ಅವರ ಅತ್ಯುತ್ತಮ ಚಿತ್ರ ಎನ್ನುತ್ತಾರೆ. ಅದರಲ್ಲಿ ಏನಿದೆ?

ನನ್ನ ಲೆಕ್ಕದಲ್ಲೂ ಅದೇ ಅತ್ಯುತ್ತಮ. 1929ರ ಬ್ರಿಟಿಷ್ ಮೂಕಿ ಚಿತ್ರ, ನಿರ್ದೇಶಕ ಇ. ಎ. ಡುಪಾಂಟ್.

ಲಂಡನ್ನಿನ ಒಂದು ಶೋಕಿಯ ನೈಟ್‌ಕ್ಲಬ್. ಊಟಕ್ಕೆ ಕೂತ ಗಿರಾಕಿಯೊಬ್ಬ ತಟ್ಟೆ ಕೊಳಕಾಗಿದೆ ಎಂದು ಗಲಾಟೆ ಎಬ್ಬಿಸುತ್ತಾನೆ (ಆ ಗಿರಾಕಿ ಚಾರ್ಲ್ಸ್ ಲಾಟನ್, ಮುಂದೆ ದೊಡ್ಡ ನಟರಾದವರು). ತಟ್ಟೆ ಕೊಳಕಾದದ್ದೇಕೆ ಎಂದು ಮಾಲೀಕ ಅಡುಗೆಮನೆ ದಾಟಿ ಪಾತ್ರೆ ತೊಳೆಯುವ ಕೋಣೆಗೆ ಹೋಗುತ್ತಾನೆ. ಅಲ್ಲಿ ಕೆಲಸ ನಿಂತಿದೆ. ಹಬೆಯ ನಡುವೆ ಮೇಜಿನ ಮೇಲೆ ಶೋಶೋ ಎಂಬ ಹುಡುಗಿ ಕುಣಿಯುತ್ತಿದ್ದಾಳೆ, ತೊಳೆಯುವವರೆಲ್ಲ ಕೈಬಿಟ್ಟು ನೋಡುತ್ತಿದ್ದಾರೆ. ಹಳೆಯ ಸ್ವೆಟರು, ನೂಲು ಜಾರಿ ಹರಿದ ಕಾಲುಚೀಲ. ಕುಣಿತ ಬಹಳ ನಿಧಾನ, ಸೊಂಟ ಮತ್ತು ಕೈಗಳಲ್ಲೇ ಎಲ್ಲ. ಯಾರನ್ನೋ ಮೆಚ್ಚಿಸಬೇಕೆಂಬ ಹಂಬಲ ಅವಳ ಮುಖದಲ್ಲಿಲ್ಲ, ತನ್ನ ಪಾಡಿಗೆ ತಾನಿದ್ದಾಳೆ.

ಮುಂದೆ ಅದೇ ಶೋಶೋ ಕ್ಲಬ್ಬಿನ ಮುಖ್ಯ ನರ್ತಕಿಯಾಗುತ್ತಾಳೆ, ಹೊಳೆಯುವ ಉಡುಗೆ ತೊಟ್ಟು ಲಂಡನ್ನನ್ನು ಗೆಲ್ಲುತ್ತಾಳೆ. ಚಿತ್ರದ ಜಾಹೀರಾತಿನಲ್ಲಿ ಮುಂದಿದ್ದ ಹೆಸರು ಗಿಲ್ಡಾ ಗ್ರೇ ಅವರದು, ಆದರೆ ಚಿತ್ರ ಮುಗಿದಾಗ ನೆನಪಲ್ಲಿ ಉಳಿಯುವವರು ವಾಂಗ್. ಇಲ್ಲೂ ಕೊನೆಗೆ ಅವಳನ್ನು ಕೊಲ್ಲುತ್ತಾರೆ. ಆದರೆ ಅದಕ್ಕೂ ಮೊದಲು ಅವಳಿಗೆ ಆಸೆ, ಲೆಕ್ಕಾಚಾರ, ಜಂಬ, ಹಟ ಎಲ್ಲವೂ ಇದೆ. ಹಾಲಿವುಡ್ ಅವರಿಗೆ ಇಷ್ಟು ಪೂರ್ತಿಯಾದ ಮನುಷ್ಯಳ ಪಾತ್ರ ಕೊಟ್ಟದ್ದು ತೀರಾ ಅಪರೂಪ.

ಟಾಕಿ ಬಂದಾಗ ಅವರ ದನಿ ತೊಡಕಾಯಿತೇ?

ರಂಗದ ಮೇಲೆ ಆಯಿತು. 1929ರಲ್ಲಿ ಲಂಡನ್ನಿನಲ್ಲಿ ‘ದಿ ಸರ್ಕಲ್ ಆಫ್ ಚಾಕ್’ ನಾಟಕದಲ್ಲಿ ನಟಿಸಿದರು, ಜೊತೆಗೆ ಆಗಿನ್ನೂ ಹೆಸರು ಮಾಡುತ್ತಿದ್ದ ಲಾರೆನ್ಸ್ ಒಲಿವಿಯೆ. ಚೀನೀ ವೇಷದ ಚೆಲುವೆಯ ಬಾಯಿಂದ ಕ್ಯಾಲಿಫೋರ್ನಿಯಾದ ಉಚ್ಚಾರ ಹೊರಟಾಗ ಲಂಡನ್ ವಿಮರ್ಶಕರಿಗೆ ಹಿಡಿಸಲಿಲ್ಲ. ಅವರು ಮುನಿಸಿಕೊಂಡು ಕೂರಲಿಲ್ಲ, ಶಿಕ್ಷಕರನ್ನಿಟ್ಟುಕೊಂಡು ಉಚ್ಚಾರ ತಿದ್ದಿಕೊಂಡರು. ಮುಂದಿನ ಟಾಕಿಗಳಲ್ಲಿ ಕೇಳುವ ತಗ್ಗಿದ, ತೂಕದ ದನಿ ಆ ಸಾಧನೆಯ ಫಲ.

ಅಮೆರಿಕಕ್ಕೆ ಮರಳಿದ ಮೇಲೆ ಪರಿಸ್ಥಿತಿ ಸುಧಾರಿಸಿತೇ?

ಸ್ವಲ್ಪ. 1930ರಲ್ಲಿ ನ್ಯೂಯಾರ್ಕ್‌ನ ಹೆಸರಾಂತ ರಂಗಭೂಮಿ ಬ್ರಾಡ್‌ವೇಯಲ್ಲಿ ಅವರು ನಟಿಸಿದ ‘ಆನ್ ದ ಸ್ಪಾಟ್’ ನಾಟಕ ಗೆದ್ದಿತು. ಅದು ನಡೆಯುತ್ತಿರುವಾಗಲೇ, ನವೆಂಬರಿನಲ್ಲಿ, ತಾಯಿ ಫಿಗೆರೋವಾ ಸ್ಟ್ರೀಟ್‌ನ ಮನೆಯೆದುರು ಕಾರು ಬಡಿದು ತೀರಿಕೊಂಡರು.

ಹಾಲಿವುಡ್‌ನ ಪ್ಯಾರಮೌಂಟ್ ಸ್ಟುಡಿಯೊ ಕರಾರು ಮಾಡಿಕೊಂಡಿತು. 1931ರ ‘ಡಾಟರ್ ಆಫ್ ದ ಡ್ರ್ಯಾಗನ್’ನಲ್ಲಿ ಮುಖ್ಯ ಪಾತ್ರ ಅವರದೇ. ಸಂಭಾವನೆ 6,000 ಡಾಲರ್. ಅದೇ ಚಿತ್ರದಲ್ಲಿ ಸ್ವಲ್ಪ ಹೊತ್ತು ಮಾತ್ರ ಇರುವ, ಚೀನೀ ವೇಷ ಹಾಕಿದ ಸ್ವೀಡನ್ ಮೂಲದ ವಾರ್ನರ್ ಓಲೆಂಡ್‌ಗೆ 12,000.

1932ರ ‘ಶಾಂಘೈ ಎಕ್ಸ್‌ಪ್ರೆಸ್’ ಇವರ ಅತಿ ಪ್ರಸಿದ್ಧ ಹಾಲಿವುಡ್ ಚಿತ್ರ. ಜೋಸೆಫ್ ವಾನ್ ಸ್ಟರ್ನ್‌ಬರ್ಗ್ ನಿರ್ದೇಶನ, ಮಾರ್ಲೀನ್ ಡೀಟ್ರಿಚ್ ನಾಯಕಿ, ವಾಂಗ್ ಹ್ಯೂ ಫೇ ಎಂಬ ಸಹಪ್ರಯಾಣಿಕಳು. ಡೀಟ್ರಿಚ್‌ಗೆ ಗರಿಗಳು, ಜಾಲರಿ, ಮಾತು ಎಲ್ಲ ಇದೆ. ಇವರಿಗೆ ಸಾದಾ ಉಡುಗೆ, ಇಸ್ಪೀಟೆಲೆ, ಎಣಿಸಿದಷ್ಟು ಮಾತು. ಆದರೂ ಒಂದೇ ಬೋಗಿಯಲ್ಲಿ ಇಬ್ಬರೂ ಕೂತಾಗ ಕಣ್ಣು ಯಾರ ಕಡೆ ಹೋಗುತ್ತದೆ ನೀವೇ ನೋಡಿ. ತನ್ನ ಮೇಲೆ ಅತ್ಯಾಚಾರ ಮಾಡಿದ ದಂಗೆಕೋರ ನಾಯಕನನ್ನು ಇರಿದು ಕೊಲ್ಲುವವಳು ಅವಳೇ, ರೈಲು ಮುಂದೆ ಸಾಗುವುದು ಅದರಿಂದಲೇ.

ಅದೇ ವರ್ಷ ಇನ್ನೊಂದು ಸ್ಟುಡಿಯೊದ ‘ದಿ ಸನ್-ಡಾಟರ್’ನ ಚೀನೀ ನಾಯಕಿ ಪಾತ್ರಕ್ಕೆ ಇವರು ತೀರಾ ಚೀನೀ ಆದರು ಎಂಬ ಕಾರಣ ಬಂತು. ಪಾತ್ರ ಹೆಲೆನ್ ಹೇಸ್‌ಗೆ ಹೋಯಿತು.

‘ದಿ ಗುಡ್ ಅರ್ತ್’ ವಿಷಯದಲ್ಲಿ ನಿಜಕ್ಕೂ ಆದದ್ದೇನು?

ಪರ್ಲ್ ಬಕ್ ಅವರ 1931ರ ಕಾದಂಬರಿಯನ್ನು ಎಂಜಿಎಂ ಸ್ಟುಡಿಯೊ ಸಿನಿಮಾ ಮಾಡಹೊರಟಾಗ ರೈತನ ಹೆಂಡತಿ ಓ-ಲಾನ್ ಪಾತ್ರ ಇವರಿಗೆ ಸಿಗಬೇಕೆಂದು ಹಲವರು ಬಯಸಿದ್ದರು. ಆದರೆ ರೈತನ ಪಾತ್ರಕ್ಕೆ ಬಿಳಿ ನಟ ಪಾಲ್ ಮುನಿ ಗೊತ್ತಾದ ಮೇಲೆ ಹೆಂಡತಿಯೂ ಬಿಳಿಯಳೇ ಆಗಬೇಕಾಯಿತು. ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಅತ್ಯುತ್ತಮ ನಟಿ ಆಸ್ಕರ್ ಕೂಡ ಬಂತು. ವಾಂಗ್ ಹೆಸರು ಸ್ಟುಡಿಯೊದಲ್ಲಿ ಕೇಳಿಬಂದದ್ದು ಸಂಸಾರ ಒಡೆಯುವ ಲೋಟಸ್ ಪಾತ್ರಕ್ಕೆ. ಬಿಳಿಯರೇ ಚೀನೀಯರಾಗಿ ಮೆರೆಯುವ ಚಿತ್ರದಲ್ಲಿ, ಚೀನೀ ರಕ್ತದ ತಾನು ಕೆಟ್ಟವಳ ಪಾತ್ರ ಮಾಡಬೇಕೆ ಎನ್ನುವುದು ಅವರ ನಿಲುವು. ಚಿತ್ರ 1937ರಲ್ಲಿ ಬಂತು. ಅವರ ತಂಗಿ ಮೇರಿ ಅದರಲ್ಲಿ ಚಿಕ್ಕ ಪಾತ್ರ ಮಾಡಿದ್ದಾರೆ.

1936ರ ಚೀನಾ ಪ್ರವಾಸ ಹೇಗಿತ್ತು?

ಸಿಹಿ ಕಹಿ ಎರಡೂ. ಪೂರ್ವಜರ ಊರಿಗೆ ಹೋದರು, ಅಲ್ಲಿಗೆ ಮರಳಿದ್ದ ಅಪ್ಪನನ್ನು ಕಂಡರು, ಚೀನೀ ರಂಗಭೂಮಿಯನ್ನು ಹತ್ತಿರದಿಂದ ನೋಡಿದರು, ಜೊತೆಗಿದ್ದ ಕ್ಯಾಮೆರಾದಲ್ಲಿ ಪ್ರವಾಸವನ್ನೇ ಚಿತ್ರಿಸಿಕೊಂಡರು. ಆದರೆ ಅಲ್ಲಿನ ಪತ್ರಿಕೆಗಳು ಇವರ ಪಾತ್ರಗಳು ದೇಶಕ್ಕೆ ಕಳಂಕ ಎಂದು ಟೀಕಿಸಿದವು. ಮನೆಮಾತು ತೈಶಾನ್ ಕಡೆಯದಾದ್ದರಿಂದ ಉತ್ತರದಲ್ಲಿ ಮಾತಿಗೂ ತೊಂದರೆಯಾಯಿತು. ಅಮೆರಿಕದಲ್ಲಿ ಚೀನೀಯಳು, ಚೀನಾದಲ್ಲಿ ಅಮೆರಿಕನ್.

ಅಂಥ ಪಾತ್ರಗಳನ್ನು ಒಪ್ಪಿದ್ದು ಅವರ ತಪ್ಪಲ್ಲವೇ?

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ನನ್ನ ಉತ್ತರ: ಅಲ್ಲ. ಒಪ್ಪದಿದ್ದರೆ ಆ ಪಾತ್ರಗಳು ಇಲ್ಲವಾಗುತ್ತಿರಲಿಲ್ಲ, ಬಣ್ಣ ಬಳಿದುಕೊಂಡ ಇನ್ನೊಬ್ಬರು ಮಾಡುತ್ತಿದ್ದರು. ಹಾಲಿವುಡ್‌ನಲ್ಲಿ ಚೀನೀಯರನ್ನು ಸದಾ ಖಳರಾಗಿಯೇ ಯಾಕೆ ತೋರಿಸುತ್ತೀರಿ ಎಂದು ಅವರು 1930ರ ದಶಕದ ಸಂದರ್ಶನಗಳಲ್ಲಿ ಬಹಿರಂಗವಾಗಿಯೇ ಕೇಳಿದ್ದರು. ಆಗ ಹಾಗೆ ಬಾಯಿಬಿಟ್ಟು ಕೇಳಿದವರು ಎಷ್ಟು ಮಂದಿ? ಚೀನಾದಿಂದ ಬಂದ ಮೇಲೆ ‘ಡಾಟರ್ ಆಫ್ ಶಾಂಘೈ’ಯಲ್ಲಿ ಮಾನವ ಸಾಗಣೆಯ ಜಾಲ ಭೇದಿಸುವ ನಾಯಕಿಯಾದರು, ನಾಯಕ ಕೊರಿಯನ್-ಅಮೆರಿಕನ್ ನಟ ಫಿಲಿಪ್ ಆನ್. 1939ರ ‘ಕಿಂಗ್ ಆಫ್ ಚೈನಾಟೌನ್’ನಲ್ಲಿ ಶಸ್ತ್ರವೈದ್ಯೆಯಾದರು. ಸಣ್ಣ ಬಜೆಟ್ಟಿನ ಚಿತ್ರಗಳೇ, ಆದರೆ ಘನತೆಯ ಪಾತ್ರಗಳು.

ಮದುವೆಯಾಗಿದ್ದರೇ?

ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂತರ್ಜನಾಂಗೀಯ ವಿವಾಹದ ನಿಷೇಧ ಬಿದ್ದುಹೋದದ್ದು 1948ರಲ್ಲಿ. ಅದರಾಚೆಗೆ ಅವರ ಖಾಸಗಿ ಬದುಕಿನ ಬಗ್ಗೆ ಹರಿದಾಡುವ ಗಾಳಿಸುದ್ದಿಗಳಿಗೆ ಇಲ್ಲಿ ಜಾಗವಿಲ್ಲ.

ಹಾಲಿವುಡ್‌ನ ಮೊದಲ ಏಷ್ಯನ್ ತಾರೆ ಇವರೇ ಅಲ್ಲವೇ?

ಅಲ್ಲ. ಜಪಾನಿನ ಸೆಸ್ಯೂ ಹಯಕಾವಾ 1915ರ ಹೊತ್ತಿಗೇ ದೊಡ್ಡ ತಾರೆಯಾಗಿದ್ದರು. ವಾಂಗ್ ಮೊದಲ ಚೀನೀ-ಅಮೆರಿಕನ್ ತಾರೆ.

ಕೊನೆಯ ವರ್ಷಗಳ ಬಗ್ಗೆ ಚುಟುಕಾಗಿ ಹೇಳುತ್ತೀರಾ?

ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದ ಸಂತ್ರಸ್ತರಿಗೆ ಹಣ ಕೂಡಿಸಿದರು, ಎರಡು ಚಿತ್ರಗಳ ಸಂಭಾವನೆಯನ್ನೂ ಕೊಟ್ಟರು. 1951ರಲ್ಲಿ ಅಮೆರಿಕದ ಡ್ಯೂಮಾಂಟ್ ಟಿವಿ ಜಾಲದಲ್ಲಿ ಪತ್ತೇದಾರಿ ಸ್ವಭಾವದ ಕಲಾವಸ್ತು ವ್ಯಾಪಾರಿಯಾಗಿ ಅವರದೇ ಧಾರಾವಾಹಿ ಬಂತು. ಏಷ್ಯಾ ಮೂಲದ ಅಮೆರಿಕನ್ ಮುಖ್ಯ ಪಾತ್ರದಲ್ಲಿದ್ದ ಮೊದಲ ಟಿವಿ ಧಾರಾವಾಹಿ ಅದು. ಒಂದು ಕಂತೂ ಉಳಿದಿಲ್ಲ. 1960ರಲ್ಲಿ ಹಾಲಿವುಡ್‌ನ ವಾಕ್ ಆಫ್ ಫೇಮ್‌ನಲ್ಲಿ (ಕಲಾವಿದರ ಹೆಸರಿನ ನಕ್ಷತ್ರಗಳನ್ನು ಕೂರಿಸಿದ ಕಾಲುದಾರಿ) ನಕ್ಷತ್ರ ಸಿಕ್ಕಿತು, ಮರುವರ್ಷ ಹೃದಯಾಘಾತದಿಂದ ತೀರಿಕೊಂಡರು. 2022ರಲ್ಲಿ ಅಮೆರಿಕ ಸರ್ಕಾರ ಅವರ ಮುಖವಿರುವ ಕಾಲು ಡಾಲರ್ ನಾಣ್ಯ ಹೊರತಂದಿತು.

ಅವರ ಚಿತ್ರಗಳನ್ನು ಯಾವುದರಿಂದ ನೋಡಲು ಶುರು ಮಾಡಲಿ?

ಮೂಕಿ ಚಿತ್ರ ನೋಡಿ ಅಭ್ಯಾಸವಿಲ್ಲದಿದ್ದರೆ ‘ಶಾಂಘೈ ಎಕ್ಸ್‌ಪ್ರೆಸ್’ನಿಂದ ಶುರು ಮಾಡಿ. ಆಮೇಲೆ ‘ದಿ ಟೋಲ್ ಆಫ್ ದ ಸೀ’. ಅದು ಒಂದು ಗಂಟೆಗೂ ಕಡಿಮೆ, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಬಣ್ಣ ಮಸುಕಾದ ಪ್ರತಿಗಳೂ ಓಡಾಡುತ್ತಿವೆ, ದುರಸ್ತಿಯಾದ ಪ್ರತಿಯನ್ನೇ ಹುಡುಕಿ. ‘ಪಿಕಡಿಲಿ’ಯನ್ನು ಮೊಬೈಲಿನಲ್ಲಿ ನೋಡಬೇಡಿ, ಪಾತ್ರೆ ತೊಳೆಯುವ ಕೋಣೆಯ ದೃಶ್ಯಕ್ಕೆ ದೊಡ್ಡ ಪರದೆ ಬೇಕು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ದುರಸ್ತಿ ಮಾಡಿದ ಪ್ರತಿ ಸಿಕ್ಕರೆ ಬಿಡಬೇಡಿ.